ಕೇಳದೇ ಕೊಟ್ಟ ಮನೆ

ಮೇ 2, ಶುಕ್ರವಾರ. ಮಧ್ಯಾಹ್ನ 2.15

ಮೂರನೇದೂ ಹೋಯಿತು.

ಊಟದ ಡಬ್ಬಿ ಬಿಚ್ಚಿದ್ದೆ ಅಷ್ಟೆ, ಬ್ರೋಕರ್ ಮಧುಕುಮಾರ್ ಫೋನು. ಮಡಿಕೇರಿಯ ಆ ಮನೆಗೆ ಓನರ್ ಮಗಳೇ ಬರುತ್ತಾಳಂತೆ, ಕೊಡೋಕಾಗಲ್ವಂತೆ. ನಿನ್ನೆ ಆ ಮಗಳು ಇರಲಿಲ್ಲ. ನಿನ್ನೆ ಸಂಜೆ ನನ್ನ ಪೂರ್ತಿ ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು, ಊರು ಕೇಳಿದರು, ಊರಲ್ಲಿ ಯಾವ ಬೀದಿ ಅಂತಲೂ ಕೇಳಿದರು. ಹೇಳಿದೆ. ಬೆಳಗಾಗುವುದರೊಳಗೆ ಮಗಳು ಹುಟ್ಟಿಕೊಂಡಳು.

ಮೊದಲನೇ ಮನೆಗೆ ತಮ್ಮ ಬಂದ. ಎರಡನೇ ಮನೆಗೆ ರಿಪೇರಿ ಬಂತು. ನನ್ನ ಬೀದಿ ಯಾವುದು ಅಂತ ಗೊತ್ತಾದ ಕೂಡಲೇ ಮಡಿಕೇರಿಯ ಖಾಲಿ ಮನೆಗಳಿಗೆಲ್ಲ ನೆಂಟರು ಬಂದುಬಿಡುತ್ತಾರೆ. ಇವರ ನೆಂಟಸ್ತನಕ್ಕಿಷ್ಟು ಬೆಂಕಿ ಹಾಕ.

ಹನ್ನೊಂದು ವರ್ಷ ನಂಜನಗೂಡಿನ ಲ್ಯಾಬಲ್ಲಿ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಪ್ರಮೋಷನ್ ತಗೊಂಡಿದ್ದೇನೆ. ಜೂನ್ ಎರಡಕ್ಕೆ ಮಡಿಕೇರಿಯಲ್ಲಿ ರಿಪೋರ್ಟ್ ಆಗಬೇಕು. ಸರ್ಕಾರ ನನ್ನನ್ನು ಸೀನಿಯರ್ ಟೆಕ್ನಿಷಿಯನ್ ಅನ್ನುತ್ತದೆ, ಮನೆ ಓನರುಗಳು ಯಾವ ಜನ ಅನ್ನುತ್ತಾರೆ. ಬೆಳಿಗ್ಗೆ ತಾಂಡ್ಯದ ಫ್ಯಾಕ್ಟರಿ ಶಿಫ್ಟಿಗೆ ಹೊರಡುತ್ತಾ ನನ್ನ ಗಂಡ ಸಿದ್ಧಾರ್ಥ ಒಂದು ಐಡಿಯಾ ಕೊಟ್ಟ. ಬರೀ ಕವನ ಅನ್ನು, ಅಪ್ಪನ ಹೆಸರು, ಬೀದಿ ಎಲ್ಲ ಯಾಕೆ ಹೇಳ್ತೀಯಾ ಅಂದ. ಯಾಕೆ ಹೇಳಬಾರದು? ನೀರಗಂಟಿ ದೇವಯ್ಯನ ಮಗಳು ಅಂತ ಹೇಳೋಕೆ ನನಗೇನು ನಾಚಿಕೆಯಾ? ಅವನ ಮೇಲೂ ಕೂಗಾಡಿದೆ. ಅವನು ಹೆಲ್ಮೆಟ್ ಹಾಕಿಕೊಂಡು ಹೋದ.

ನನ್ನದು ಒಂದೇ ಷರತ್ತು. ಮನೆ ಎತ್ತರದಲ್ಲಿರಬೇಕು. ಆ ಊರಿಗೇ ಎತ್ತರದಲ್ಲಿ. ಹುಟ್ಟಿದ ಮನೆ ನಾಲೆ ಏರಿಯ ಕೆಳಗೆ. ಈಗಿರುವ ಬಾಡಿಗೆ ಮನೆ ಕಪಿಲೆ ಪಕ್ಕದ ಬೀದಿಯಲ್ಲಿ. ಹೊಳೆ ಮಧ್ಯದ ಮಂಟಪ ಮುಳುಗಿತು ಅಂದರೆ ನಾವು ಗಂಟು ಕಟ್ಟಬೇಕು. 2019ರಲ್ಲಿ ಕಿಟಕಿ ಮಟ್ಟ ಬಂತು ನೀರು, ಗ್ಯಾಸ್ ಸಿಲಿಂಡರ್ ಅಡುಗೆಮನೆಯಲ್ಲಿ ತೇಲಾಡುತ್ತಿತ್ತು. ನಮಗೆ ಜಾಗ ಕೊಟ್ಟವರೆಲ್ಲ ತಗ್ಗಿನಲ್ಲೇ ಕೊಟ್ಟರು. ಈಗ ಬೆಟ್ಟದ ಊರಿಗೆ ಹೋಗುತ್ತಿದ್ದೇನೆ. ಅಲ್ಲೂ ತಗ್ಗಾ? ಆಗಲ್ಲ.

ಡಬ್ಬಿಯ ಅನ್ನ ಆರಿಹೋಗಿದೆ. ಸ್ಯಾಂಪಲ್ ಕ್ಯೂ ಬಾಗಿಲ ತನಕ ಇದೆ. ಏಳಬೇಕು.

ಮೇ 4, ಭಾನುವಾರ. ವಾಪಸ್ ಬಸ್ಸಿನಲ್ಲಿ, ಸಂಜೆ 5

ಒಂದೇ ದಿನ ಎರಡು ಮನೆ. ಒಂದರಲ್ಲಿ ಮೈಯೆಲ್ಲ ಉರಿಯಿತು. ಇನ್ನೊಂದರಲ್ಲಿ... ಮೊದಲು ಉರಿದದ್ದು ಬರೆದುಬಿಡುತ್ತೇನೆ.

ಮೊದಲನೇದು ಊರ ಮಧ್ಯದಲ್ಲೇ, ರಸ್ತೆಯಿಂದ ಇಳಿದು ಹೋಗಬೇಕು. ಸಮತಟ್ಟು ಜಾಗ. ಮನೆ ಮುಂದೆ ಸೊಂಟದಷ್ಟು ಆಳದ ಕಲ್ಲಿನ ಮೋರಿ. ಹಿಂದೆ ಏನೂ ಇಲ್ಲ, ಬರೀ ಹಿತ್ತಲು. ತಗ್ಗು ಅಂತ ನೋಡಿದ ಕೂಡಲೇ ಬೇಡ ಅನ್ನಿಸಿತು. ಆದರೂ ಮರ್ಯಾದೆಗೆ ಒಳಗೆ ಹೋದೆವು. ಓನರ್ ಒಬ್ಬ ಅಜ್ಜಿ. ಎಪ್ಪತ್ತೈದಾದರೂ ಇರಬೇಕು, ಸ್ವೆಟರ್ ಮೇಲೆ ಸ್ವೆಟರ್. ಕೂತುಕೊಳ್ಳಿ ಅನ್ನುವ ಮೊದಲೇ ಕೇಳಿದಳು, ನೀವು ಯಾವ ಜನ? ಸಿದ್ಧಾರ್ಥ, ಇವರು ಗೌರ್ನಮೆಂಟ್ ಎಂಪ್ಲಾಯಿ ಅಂದ. ಅದು ಗೊತ್ತಾಯಿತು, ಜನ ಯಾವುದು ಅಂತ ಮತ್ತೆ ಕೇಳಿದಳು. ಹುಣಿಸೆಹಣ್ಣು ಯಾವ ಊರದು ಅಂತ ಸಂತೆಯಲ್ಲಿ ಕೇಳುವ ಹಾಗೆ. ನಾನು ಚಪ್ಪಲಿ ಹಾಕಿಕೊಂಡೆ.

ಎರಡನೇದಕ್ಕೆ ಅರವತ್ತನಾಲ್ಕು ಮೆಟ್ಟಿಲು. ಎಣಿಸಿದೆ. ಗುಡ್ಡದ ಕಟ್ಟಕಡೆಯ ಮನೆ, ಹೊಸ ಬಣ್ಣ, ಎರಡು ರೂಮು, ಮುಂದೆ ಸಿಟ್‌ಔಟ್. ನಿಂತು ನೋಡಿದರೆ ಇಡೀ ಮಡಿಕೇರಿ ಕಾಲ ಕೆಳಗೆ. ಆ ಅಜ್ಜಿಯ ಹೆಂಚೂ ಕಂಡಿತು. ನಲವತ್ತು ವರ್ಷಕ್ಕೆ ಮೊದಲ ಸಲ ಒಂದು ಊರನ್ನು ಮೇಲಿಂದ ನೋಡಿದೆ. ಕಣ್ಣಲ್ಲಿ ನೀರು ಬಂತು, ಗಾಳಿ ಅಂತ ಸಿದ್ಧಾರ್ಥನಿಗೆ ಹೇಳಿದೆ.

ಓನರ್ ನಮ್ಮ ನಂಜನಗೂಡಿನವರೇ ಅಂತೆ. ಮಹಾದೇವಸ್ವಾಮಿ, ಪೇಂಟು ಸಿಮೆಂಟಿನ ಅಂಗಡಿ. ಇವರೂ ಕೇಳುತ್ತಾರೆ ಬಿಡು, ರೆಡಿಯಾಗಿರುತ್ತೇನೆ.

ಮೇ 7, ಬುಧವಾರ. ಸಂಜೆ

ಕೇಳಲಿಲ್ಲ.

ಅಂಗಡಿಗೆ ಹೋದೆ. ಮಹಾದೇವಸ್ವಾಮಿ ಎದ್ದು ನಿಂತು ಕುರ್ಚಿ ಹಾಕಿದರು. ಅರವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ತಣ್ಣಗಿನ ಮಾತು. ನನ್ನ ಕೆಲಸ ಕೇಳಿದರು, ಯಾವಾಗ ಬರ್ತೀರಿ ಅಂದರು. ಅಷ್ಟೇ. ಹೆಸರು ಕವನ ಅಂದೆ, ಅಪ್ಪ ದೇವಯ್ಯ ಅಂತ ನಾನೇ ಮೇಲೆ ಬಿದ್ದು ಸೇರಿಸಿದೆ, ಮುಖ ನೋಡಿದೆ. ಒಂದು ಗೆರೆ ಅಲ್ಲಾಡಲಿಲ್ಲ. ಅವರು ಕುಡಿದಂಥದೇ ಗಾಜಿನ ಲೋಟದಲ್ಲಿ ನನಗೂ ಟೀ. ಅಡ್ವಾನ್ಸ್ ಎಲ್ಲ ಆಮೇಲೆ ನೋಡೋಣ ತಾಯಿ ಅಂತ ಬೀಗದ ಕೈಯನ್ನು ಕೈಗೇ ಕೊಟ್ಟರು. ಮೇಜಿನ ಮೇಲೆ ಎಸೆಯಲಿಲ್ಲ, ಕೈಗೆ ಕೊಟ್ಟರು.

ಇಂಥವರೂ ಇದ್ದಾರೆ. ನಾನು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಬೈಯುತ್ತೇನೆ, ತಪ್ಪು. ಕೇಳದೇ ಕೊಟ್ಟರು. ಇಂಥ ಮನೆ ಬಿಡೋಕಾಗುತ್ತಾ?

ಮೇ 9, ಶುಕ್ರವಾರ

ನಮ್ಮ ಆಸ್ಪತ್ರೆ ಫಾರ್ಮಸಿಯ ಅರ್ಪಿತಾಗೆ ಫೋಟೋ ತೋರಿಸಿದ್ದೇ ತಪ್ಪಾಯಿತು. ವ್ಯೂ ನೋಡಿ ಅಂದರೆ, ಹಿಂದುಗಡೆ ಫೋಟೋ ಇಲ್ವಾ ಅಂದಳು. ಅವಳ ಗಂಡ ಕೊಡಗಿನಲ್ಲಿ ಮೂರು ವರ್ಷ ಇದ್ದನಂತೆ. ಗುಡ್ಡ ಕಡಿದು ಕಟ್ಟಿದ ಮನೆ ಬೇಡ ಕಣ್ರೀ, 2018ರಲ್ಲಿ ಗುಡ್ಡ ಕುಸಿದು ಏನಾಯ್ತು ಗೊತ್ತಲ್ಲ ಅಂತ ಉಪದೇಶ.

ಇವಳ ಸ್ವಂತ ಮನೆ ಎಲ್ಲಿದೆ? ನಂಜನಗೂಡಿನ ದಿಣ್ಣೆ ಮೇಲೆ. ಹೊಳೆ ಉಕ್ಕಿದಾಗ ಟೆರೇಸಲ್ಲಿ ನಿಂತು ನಮ್ಮ ಬೀದಿಯ ವಿಡಿಯೋ ಮಾಡಿ ಸ್ಟೇಟಸ್ ಹಾಕಿದವಳು. ಅವಳು ಎತ್ತರದಲ್ಲಿದ್ದರೆ ಸೈಟು, ನಾನು ಎತ್ತರಕ್ಕೆ ಹೋದರೆ ಡೇಂಜರ್. ಹೊಟ್ಟೆ ಉರಿ, ಇನ್ನೇನಲ್ಲ. ನಿಮ್ಮನೆ ದೋಸೆ ತೂತು ಮೊದಲು ನೋಡಿಕೊಳ್ಳಿ ಅನ್ನೋಣ ಅನ್ನಿಸಿತು, ಅನ್ನಲಿಲ್ಲ. ಮಾತು ಬಿಟ್ಟೆ.

ಮೇ 12, ಸೋಮವಾರ. ಬುದ್ಧ ಪೂರ್ಣಿಮೆ. ಅಪ್ಪನ ಊರು

ಬನ್ನೂರಿಗೆ ಬಸ್ಸು, ಅಲ್ಲಿಂದ ಆಟೋ. ಕೇರಿಯ ಬುದ್ಧ ವಿಹಾರದಲ್ಲಿ ಪಾಯಸ. ಅಪ್ಪನ ಜೊತೆ ಮಾತಾಡಬೇಕಿತ್ತು. ನನ್ನ ಜೊತೆ ಮಡಿಕೇರಿಗೆ ಬಾ, ಸಿದ್ಧಾರ್ಥ ವೀಕೆಂಡ್ ಬರುತ್ತಾನೆ, ಇಬ್ಬರೇ ಇರೋಣ ಅಂದೆ. ಮನೆ ಎತ್ತರದಲ್ಲಿದೆ, ನೀರಿನ ಭಯ ಇಲ್ಲ ಅಂತ ಹೇಳಿದೆ. ಮೆಚ್ಚುತ್ತಾನೆ ಅಂದುಕೊಂಡಿದ್ದೆ.

ಅಪ್ಪ ಪಾಯಸದ ಲೋಟ ಕೆಳಗಿಟ್ಟ.

"ಮನೆ ಇಂದೆ ಏನದೆ?"

ಎಲ್ಲರಿಗೂ ಹಿಂದುಗಡೆಯದೇ ಚಿಂತೆ. ಗೋಡೆ ಇದೆ ಅಪ್ಪ, ಒಳ್ಳೆ ತಡೆಗೋಡೆ, ಹೊಸ ಬಣ್ಣ ಅಂದೆ.

"ನಾನು ನೋಡ್ದೆ ಬರಕಿಲ್ಲ ಕಣವ್ವ."

ನಲವತ್ತು ವರ್ಷ ನೀರಗಂಟಿ ಆಗಿದ್ದವನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೂಬು ತೆಗೆದು, ಮುಚ್ಚಿ, ಏರಿ ಕಾಯುವ ಕೆಲಸ. ಗದ್ದೆ ಒಂದೂ ನಮ್ಮದಲ್ಲ, ಏರಿ ಒಡೆದರೆ ಮೊದಲು ಹೋಗುವ ಮನೆಗಳು ಮಾತ್ರ ನಮ್ಮವು. ಹೀಗೆ ಒಂದು ಸಲ ಆಯಿತು. ನನಗೆ ಆಗ ಏಳು ವರ್ಷ. ಮಧ್ಯಾಹ್ನ, ಅವ್ವ ರಾಗಿ ಬೀಸುತ್ತಿದ್ದಳು. ಏರಿ ಮೇಲಿಂದ ಅಪ್ಪನ ಕೂಗು ಬಂತು — ಬರಿಗೈ, ಬರಿಗೈ. ಅದು ನೀರಗಂಟಿಗಳು ಕೊಡುವ ಕೂಗು. ಏನನ್ನೂ ಮುಟ್ಟಬೇಡಿ, ಹಾಗೇ ಎದ್ದು ಓಡಿ ಅಂತ ಅರ್ಥ. ಆ ಕೂಗು ಕೇಳಿದ ಮೇಲೆ ಒಳಗೆ ಹೋಗಿ ಒಂದು ಸೀರೆ ತರ್ತೀನಿ ಅಂದವರು ಇಲ್ಲ ನಮ್ಮ ಕೇರಿಯಲ್ಲಿ. ಸುಳ್ಳು ಕೂಗು ಅಪ್ಪ ಒಂದು ಸಲವೂ ಕೂಗಿದವನಲ್ಲ. ಅವತ್ತು ಹದಿನೆಂಟು ಮನೆ ಹೋಯಿತು. ಒಂದು ಜೀವವೂ ಹೋಗಲಿಲ್ಲ.

ಅದಕ್ಕೇ ಅಲ್ಲವೇ ಅಪ್ಪ, ಎತ್ತರ ಹುಡುಕಿದ್ದು? ಇವನಿಗೆ ಹೇಗೆ ಹೇಳುವುದು. ಆಯಿತು, ಭಾನುವಾರ ಬಂದು ನೋಡು ಅಂದೆ.

ಮೇ 18, ಭಾನುವಾರ. ಸಂಜೆ 7

ಅಪ್ಪನಿಗೆ ಮನೆ ತೋರಿಸಿ ಬಂದೆ. ಮೈಸೂರಲ್ಲಿ ಇಳಿದು ಅವನು ಬನ್ನೂರು ಬಸ್ಸು ಹತ್ತಿದ, ನಾನು ನಂಜನಗೂಡು ಬಸ್ಸು. ಹೋಗ್ತೀನಿ ಅಂತಲೂ ಹೇಳಲಿಲ್ಲ.

ಅರವತ್ತನಾಲ್ಕು ಮೆಟ್ಟಿಲು ಹತ್ತಿದ, ಎಪ್ಪತ್ತು ದಾಟಿದವನು. ಸಿಟ್‌ಔಟಿಗೆ ಕರೆದು, ನೋಡಪ್ಪಾ ಊರು ಅಂದೆ. ಬೆನ್ನು ತಿರುಗಿಸಿದ. ಸೀದಾ ಹಿಂದಕ್ಕೆ ಹೋದ. ಮನೆ ಗೋಡೆಗೂ ಗುಡ್ಡದ ತಡೆಗೋಡೆಗೂ ಮಧ್ಯೆ ಒಬ್ಬರು ನಡೆಯುವಷ್ಟು ಜಾಗ. ತಡೆಗೋಡೆ ಎರಡು ಆಳೆತ್ತರ. ಅಲ್ಲಿ ಕುಕ್ಕರಗಾಲಲ್ಲಿ ಕೂತ. ಅರ್ಧ ಗಂಟೆ. ಮಧುಕುಮಾರ್ ವಾಚು ನೋಡಿಕೊಳ್ಳುತ್ತಿದ್ದ. ನನಗೆ ನಾಚಿಕೆಯಾಯಿತು.

ಆಮೇಲೆ ಬೀಗದ ಕೈ ಕೊಡು ಅಂದ. ಜೇಬಿಂದ ದಾರ ತೆಗೆದು ಬೀಗದ ಕೈಯನ್ನು ಅದಕ್ಕೆ ಕಟ್ಟಿದ. ಮಧುಕುಮಾರನನ್ನು ಗುಡ್ಡದ ಮೇಲೆ ಹತ್ತಿಸಿ, ಗೋಡೆಯ ನೆತ್ತಿಯಿಂದ ಅದನ್ನು ಇಳಿಬಿಡಿಸಿದ. ದಾರ ನೆಟ್ಟಗೆ ಇಳಿಯಲಿಲ್ಲ. ಗೋಡೆಯ ನಡುವಿನಲ್ಲಿ ತಾಗಿತು, ಬುಡದಲ್ಲಿ ನಾಲ್ಕು ಬೆರಳು ದೂರ ತೂಗಾಡಿತು. ಅಪ್ಪ ಬೆರಳಿಟ್ಟು ಅಳೆದ. ನನಗೆ ತೋರಿಸಿದ. ಗೋಡೆಗೆ ಹೊಟ್ಟೆ ಬಂದಿತ್ತು.

ಗೋಡೆಯಲ್ಲಿ ಸಾಲಾಗಿ ಐದು ಪೈಪಿನ ಬಾಯಿ. ಗುಡ್ಡದ ನೀರು ಆಚೆ ಬರಲಿ ಅಂತ ಇಡುತ್ತಾರಲ್ಲ, ಅವು. ಐದಕ್ಕೂ ಸಿಮೆಂಟು ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರು. ಅಪ್ಪ ಉಗುರಲ್ಲಿ ಕೆರೆದ.

"ಬಾಯಿ ಮುಚ್ಚುದ್ರೆ ಒಟ್ಟೆ ಉಬ್ತದೆ. ಈಗ ಬೇಸ್ಗೆ, ಒಣಗಿ ಅದೆ. ಮಳೆ ಬಂದ್ಮೇಲೆ ಇದ ಬುಡ್ಸಿ ನೋಡು. ತಿಳಿನೀರು ಬಂದ್ರೆ ಇರು. ಕೆಂಪ್ನೀರು ಬಂದ್ರೆ ಮಣ್ಣೇ ನಡೀತಾ ಅದೆ ಅಂತ."

ಆಗ ನಾನು ಬಾಯಿಗೆ ಬಂದದ್ದು ಅಂದುಬಿಟ್ಟೆ. ಬರೆಯೋಕೂ ಬೇಸರ. ಜೀವನವೆಲ್ಲ ಬೇರೆಯವರ ಏರಿ ಕಾದು ತಗ್ಗಲ್ಲೇ ಬದುಕಿದೆ, ಮಗಳು ಮೇಲೆ ಹೋದರೆ ನಿನಗೂ ಸಹಿಸೋಕಾಗಲ್ಲ ಅಂದೆ. ಮಧುಕುಮಾರನ ಎದುರಿಗೇ. ಅಪ್ಪ ದಾರ ಬಿಚ್ಚಿ ಸುತ್ತಿ ಜೇಬಿಗಿಟ್ಟುಕೊಂಡು ಬೀಗದ ಕೈ ವಾಪಸ್ ಕೊಟ್ಟ.

ಮೇ 20, ಮಂಗಳವಾರ

ಮಹಾದೇವಸ್ವಾಮಿಗೆ ಫೋನ್ ಮಾಡಿ ಪೈಪಿನ ವಿಷಯ ಕೇಳಿದೆ. ನಕ್ಕರು. ಬಣ್ಣ ಹೊಡೆಯುವವರು ಮುಚ್ಚಿರಬೇಕು ತಾಯಿ, ನೀವು ಬರುವಷ್ಟರಲ್ಲಿ ತೆಗೆಸಿರ್ತೀನಿ ಅಂದರು. ಎಷ್ಟು ಸಲೀಸು. ಇದಕ್ಕೆ ಅಷ್ಟೊಂದು ರಾದ್ಧಾಂತ.

ಅಪ್ಪ ಫೋನ್ ಮಾಡಿಲ್ಲ. ನಾನೂ ಮಾಡಲ್ಲ.

ಆ ದಾರ ಮಾತ್ರ ಕಣ್ಣ ಮುಂದೆ ತೂಗುತ್ತಿದೆ. ನಾಲ್ಕು ಬೆರಳು.

ಮೇ 27, ಮಂಗಳವಾರ. ಮಡಿಕೇರಿ ಬಸ್ ಸ್ಟ್ಯಾಂಡ್, ಮಧ್ಯಾಹ್ನ 3.30

ಮಳೆಗಾಲ ಮುಂಚೆಯೇ ಬಂದಿದೆ. ನಾಲ್ಕು ದಿನದಿಂದ ಬಿಟ್ಟೂಬಿಡದೆ ಸುರಿಯುತ್ತಿದೆ ಅಂತ ಟೀವಿಯಲ್ಲಿ. ಯಾರಿಗೂ ಹೇಳದೆ ರಜಾ ಹಾಕಿ ಬಂದೆ. ಬ್ಯಾಗಲ್ಲಿ ಸ್ಕ್ರೂಡ್ರೈವರ್, ಸುತ್ತಿಗೆ. ಲ್ಯಾಬಿನಿಂದ ಒಂದು ಸ್ಯಾಂಪಲ್ ಬಾಟಲಿ. ಅಪ್ಪನ ಮಾತು ಸುಳ್ಳು ಅಂತ ತೋರಿಸೋಕೇ ತಂದದ್ದು, ನಿಜ ಹೇಳಬೇಕೆಂದರೆ. ತಿಳಿನೀರು ತುಂಬಿಕೊಂಡು ಹೋಗಿ ಅವನ ಮುಂದೆ ಇಡೋಣ ಅಂತ.

ಐದು ಪೈಪೂ ಹಾಗೇ ಇದ್ದವು. ತೆಗೆಸಿರಲಿಲ್ಲ. ಮಧ್ಯದ್ದಕ್ಕೆ ಸ್ಕ್ರೂಡ್ರೈವರ್ ಇಟ್ಟು ಹೊಡೆದೆ. ನಾಲ್ಕೇಟಿಗೆ ಸಿಮೆಂಟಿನ ಬಿರಡೆ ತಾನಾಗೇ ಹಾರಿ ನನ್ನ ಎದೆಗೆ ಬಡಿಯಿತು, ಹಿಂದೆಯೇ ನೀರು. ಕೆಂಪು. ಸೀರೆ ಮೇಲೆಲ್ಲ. ಟೊಮೇಟೊ ಸಾರಿನಷ್ಟು ಮಂದ. ಬಾಟಲಿ ಹಿಡಿದೆ, ತುಂಬಿತು.

ಕೆಳಗೆ ಬಂದು ಮಧುಕುಮಾರನ ಕಾಲರ್ ಹಿಡಿಯುವುದೊಂದು ಬಾಕಿ. ನಿಜ ಹೇಳಯ್ಯಾ ಅಂದೆ. ನನ್ನ ಸೀರೆ ನೋಡಿ ಹೇಳಿದ.

"ಈ ಊರೋರು ಯಾರೂ ಆ ಮನೇಗ್ ಬರಲ್ಲ ಮೇಡಂ. ಬೇರೆ ಎಲ್ಲೂ ಮನೆ ಸಿಗ್ದೇ ಇರೋರ್ನ ನೋಡಿ ಕಳ್ಸು, ಅವ್ರು ಜಾಸ್ತಿ ಪ್ರಶ್ನೆ ಕೇಳಲ್ಲ ಅಂದ್ರು ಸ್ವಾಮಿಯೋರು."

ಕೇಳದೇ ಕೊಟ್ಟರು ಅಂತ ಇಲ್ಲೇ ಬರೆದಿದ್ದೇನೆ, ಹಿಂದಿನ ಪುಟದಲ್ಲಿ. ಹರಿದು ಹಾಕೋಣ ಅನ್ನಿಸಿತು. ಹರಿಯಲ್ಲ. ಇರಲಿ. ನಾನೆಂಥ ದಡ್ಡಿ ಅಂತ ನನಗೆ ನೆನಪಿರಲಿ.

ಮೇ 28, ಬುಧವಾರ. ಮಧ್ಯಾಹ್ನ

ಬಾಟಲಿ ಕಿಟಕಿಯಲ್ಲಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಕೆಳಗೆ ಎರಡು ಬೆರಳು ಮಣ್ಣು ಕೂತಿದೆ. ಮೇಲೆ ನೀರು.

ಲಂಚ್ ಟೈಮಿಗೆ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು, ಇರಲಿ ಅಂತಲೇ ಹೋದದ್ದು. ಬಾಟಲಿ ಗಲ್ಲಾ ಮೇಲೆ ಇಟ್ಟೆ, ಪಕ್ಕದಲ್ಲಿ ಬೀಗದ ಕೈ. ಇದು ನಿಮ್ಮ ಗುಡ್ಡ, ಬಾಟಲಿಗಿಷ್ಟು ಅಂತ ಕೆಳಗೆ ಬರುತ್ತಿದೆ ಅಂದೆ. ನನ್ನನ್ನೂ ನನ್ನಪ್ಪನನ್ನೂ ಅದರ ಬುಡದಲ್ಲಿ ಮಲಗಿಸೋಕೆ ಹೊರಟಿದ್ದಿರಿ ಅಂದೆ. ಜೋರಾಗಿಯೇ ಅಂದೆ. ಮಹಾದೇವಸ್ವಾಮಿ ಒಂದು ಚೂರೂ ಬಿಸಿಯಾಗಲಿಲ್ಲ. ಬಾಟಲಿಯನ್ನು ಒಂದು ಪೇಪರಿನಲ್ಲಿ ಹಿಡಿದು ನನ್ನ ಕಡೆ ಸರಿಸಿದರು.

"ಬ್ಯಾಡ ಅಂದ್ರೆ ಬುಡಿ ತಾಯಿ, ಬಲವಂತ ಇಲ್ಲ. ಬರೋ ವಾರ ಇನ್ನೊಬ್ರು ಬತ್ತಾವ್ರೆ. ನಿಮ್ಮೋರೇ."

ನಿಮ್ಮೋರೇ.

ಅಂದರೆ ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ಕೇಳಲಿಲ್ಲ ಯಾಕೆಂದರೆ ಕೇಳುವ ಅಗತ್ಯವೇ ಇರಲಿಲ್ಲ. ಟೀ ಲೋಟ, ಕುರ್ಚಿ, ಕೈಗೇ ಕೊಟ್ಟ ಬೀಗದ ಕೈ... ನಾನು ಮೂರು ವಾರ ಅದನ್ನು ನೆನೆಸಿಕೊಂಡು ನೆನೆಸಿಕೊಂಡು ಸುಖಪಟ್ಟೆನಲ್ಲ. ಆ ಅಜ್ಜಿ ಮುಖಕ್ಕೆ ಕೇಳಿದಾಗ ಆದ ಅವಮಾನ ಇದರ ಮುಂದೆ ಏನೂ ಅಲ್ಲ. ಅಳು ಬಂತು, ರಸ್ತೆಯಲ್ಲೇ. ಸಿಟ್ಟಿಗೆ ಬಂದ ಅಳು.

ಲ್ಯಾಬಿಗೆ ಬಂದಾಗ ಅರ್ಪಿತಾ ಏನೂ ಕೇಳದೆ ನೀರು ಕೊಟ್ಟಳು. ಕುಡಿದೆ. ಸಾರಿ ಅಂದೆ. ಯಾಕೆ ಅಂತ ಅವಳಿಗೆ ಗೊತ್ತಾಗಲಿಲ್ಲ.

ಮೇ 29, ಗುರುವಾರ. ಅಪ್ಪನ ಊರು

ಬಾಟಲಿ ಅಪ್ಪನ ಮುಂದೆ ಇಟ್ಟು ಅಂಗಡಿಯಲ್ಲಿ ಆದದ್ದೆಲ್ಲ ಹೇಳಿದೆ. ತಪ್ಪಾಯಿತು ಅನ್ನಬೇಕಿತ್ತು, ಬಾಟಲಿಯನ್ನೇ ಅವನ ಕಡೆ ಸರಿಸಿದೆ. ಅವನು ಬಾಟಲಿ ಅಲುಗಿಸಿದ, ಬೆಳಕಿಗೆ ಹಿಡಿದ. ನಾನು ಹೇಳ್ಲಿಲ್ವಾ ಅಂತ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

"ಅಲ್ಲಿಗ್ ಬರೋರು ಯಾರು?" ಅಂದ.

ಗೊತ್ತಿಲ್ಲ ಅಂದೆ.

"ತಿಳ್ಕೊ."

ಮೇ 31, ಶನಿವಾರ. ಮಡಿಕೇರಿ

ಆ ಅಜ್ಜಿ ಮನೆಗೆ ನಾನೇ ಹೋದೆ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಹೋದೆ. ಹಿಂದೆ ಗುಡ್ಡ ಇಲ್ಲದ, ಮುಂದೆ ಮೋರಿ ಇರುವ ಮನೆ ಆ ಬೀದಿಯಲ್ಲಿ ಅದೊಂದೇ ಖಾಲಿ. ಇಷ್ಟು ಮಳೆಗೆ ಮೋರಿ ತುಂಬಿ ಹರಿಯುತ್ತಿತ್ತು, ಆದರೂ ಅಂಗಳ ಒದ್ದೆ ಅಷ್ಟೆ. ತಗ್ಗಿನ ಮೇಲಿನ ನನ್ನ ಸಿಟ್ಟಿಗೂ ಅರ್ಥವಿಲ್ಲ ಅಂತ ಆಗ ತಿಳಿಯಿತು. ಊರು ಬದಲಾದರೆ ಭಯವೂ ಬದಲಾಗಬೇಕು, ನಾನು ಹಳೇ ಭಯ ಹೊತ್ತುಕೊಂಡು ಬಂದಿದ್ದೆ.

ಅವಳು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟೆ. ನಾವು ಬೌದ್ಧರು, ಪರಿಶಿಷ್ಟ ಜಾತಿ, ಅಪ್ಪ ನೀರಗಂಟಿ, ಊಟ ಏನು ಮಾಡ್ತೀವಿ ಅದು ನಮ್ಮಿಷ್ಟ. ಮನೆ ಕೊಡ್ತೀರೋ ಇಲ್ಲವೋ? ಅಜ್ಜಿ ಎರಡನೇ ಸ್ವೆಟರಿನ ಗುಂಡಿ ಹಾಕಿಕೊಂಡಳು. ಕೇಳೋದು ಅಭ್ಯಾಸ ಆಗಿಬಿಟ್ಟಿದೆ ಅಂದಳು. ಅಭ್ಯಾಸವಂತೆ! ಎರಡು ತಿಂಗಳು ನೋಡ್ತೀನಿ, ಸರಿಹೋದರೆ ಇರಿ ಅಂದಳು.

ಎರಡು ತಿಂಗಳು ನನ್ನನ್ನು ನೋಡುತ್ತಾಳಂತೆ. ನೋಡಲಿ. ನಾನೂ ಅವಳನ್ನು ನೋಡುತ್ತೇನೆ.

ಜೂನ್ 4, ಬುಧವಾರ. ಮಡಿಕೇರಿ, ಸಂಜೆ 6

ಡ್ಯೂಟಿಗೆ ಸೇರಿ ಮೂರು ದಿನ. ಅಪ್ಪ ಸೋಮವಾರವೇ ಬಂದ, ಕೋಣೆ ನೋಡಿದ, ಹಿತ್ತಲು ನೋಡಿದ, ಹ್ಞೂಂ ಅಂದ.

ಆ ಗೋಡೆಯ ಬಗ್ಗೆ ಒಂದು ಕಚೇರಿಯಲ್ಲಿ ಅರ್ಜಿ ಕೊಟ್ಟೆ. ಸೀಲು ಹೊಡೆದು ಕೊಟ್ಟರು. ಮಳೆ ನಿಂತ ಮೇಲೆ ಸ್ಥಳ ಪರಿಶೀಲನೆಗೆ ಬರುತ್ತಾರಂತೆ. ಮಳೆ ನಿಂತ ಮೇಲೆ!

ಮಧುಕುಮಾರನನ್ನು ಪೀಡಿಸಿ ಹೊಸ ಬಾಡಿಗೆಯವರ ನಂಬರ್ ತಗೊಂಡೆ. ಚಿಕ್ಕಮಾದಮ್ಮ, ಕವಲಂದೆಯವರು. ಇಲ್ಲಿ ಒಂದು ಹಾಸ್ಟೆಲಿಗೆ ಅಡುಗೆಯವರಾಗಿ ವರ್ಗವಾಗಿ ಬಂದಿದ್ದಾರೆ. ಒಂಟಿ ಹೆಂಗಸು. ಮೊನ್ನೆಯೇ ಸಾಮಾನು ಇಳಿಸಿ ಆಗಿದೆ. ಫೋನ್ ಮಾಡಿ ಎಲ್ಲ ಹೇಳಿದೆ, ಗೋಡೆ, ಹೊಟ್ಟೆ, ಪೈಪು, ಕೆಂಪು ನೀರು. ಪೂರ್ತಿ ಕೇಳಿ ಅಂದರು,

"ಆರ್ ಮನೆ ನೋಡಿವ್ನಿ ಮೇಡಮ್ಮೋರೆ. ಆರ್ ಕಡೇನೂ ಕೇಳುದ್ರು. ಇವ್ರೊಬ್ರು ಕೇಳ್ನಿಲ್ಲ. ಇಂತಾ ಮನೆ ಬ್ಯಾಡ ಅಂತೀರಲ್ಲ, ನಿಮ್ಗ್ಯಾಕೆ ಒಟ್ಟೆ ಉರಿ?"

ಫೋನ್ ಕಟ್.

ನನ್ನದೇ ಮಾತು. ಒಂದಕ್ಷರ ಹೆಚ್ಚು ಕಡಿಮೆ ಇಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಕೂ ಆಗುತ್ತಿಲ್ಲ. ಆ ಆರು ಮನೆಯವರ ಮೇಲೆ ಬರುತ್ತಿದೆ ಸಿಟ್ಟು. ಕೇಳಿ ಕೇಳಿ ನಮ್ಮನ್ನು ಎಲ್ಲಿಗೆ ಓಡಿಸಿದ್ದಾರೆ ಅಂದರೆ, ಕೇಳದವನೊಬ್ಬ ಸಿಕ್ಕರೆ ಸಾಕು, ಅವನು ತೋರಿಸಿದ ಗುಂಡಿಗೆ ನಾವೇ ಇಳಿಯುತ್ತೇವೆ.

ಅಪ್ಪನಿಗೆ ಹೇಳಿದೆ. ಭಾನುವಾರ ಇಬ್ಬರೂ ಹೋಗುವುದು ಅಂತಾಯಿತು. ಅಲ್ಲಿವರೆಗೆ ದಿನಾ ಫೋನ್ ಮಾಡುತ್ತೇನೆ, ಬೈಸಿಕೊಂಡರೂ ಸರಿ.

ಜೂನ್ 8, ಭಾನುವಾರ. ಬೆಳಿಗ್ಗೆ 10.40

ಅರವತ್ತನಾಲ್ಕನೇ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಕೊಡೆ ಕತ್ತಿಗೆ ಸಿಕ್ಕಿಸಿಕೊಂಡು. ಬರೆಯದಿದ್ದರೆ ಆ ಹೆಂಗಸನ್ನು ಬೈದುಬಿಡುತ್ತೇನೆ.

ಬಾಗಿಲಲ್ಲೇ ನಿಂತಿದ್ದಾರೆ ಚಿಕ್ಕಮಾದಮ್ಮ, ಕೈ ಕಟ್ಟಿಕೊಂಡು. ಗಟ್ಟಿ ಆಳು, ನನ್ನಷ್ಟೇ ಬಾಯಿ. ಕಾಫಿ ಕೊಟ್ಟರು, ಮನೆ ಬಿಡಲ್ಲ ಅಂದರು. ಅಡುಗೆಮನೆಯಲ್ಲಿ ಪಾತ್ರೆ ಜೋಡಿಸಿದ್ದಾರೆ ಸಾಲಾಗಿ, ತೊಳೆದು ಫಳಫಳ. ಸಿಟ್‌ಔಟಿನಲ್ಲಿ ಒಂದು ತುಳಸಿ, ಒಂದು ಪ್ಲಾಸ್ಟಿಕ್ ಕುರ್ಚಿ, ಊರಿನ ಕಡೆ ಮುಖ ಮಾಡಿ.  ನಾನೂ ಅಲ್ಲೇ ಹಾಕುತ್ತಿದ್ದೆ.

ನಾನು ತೆಗೆದಿದ್ದ ಮಧ್ಯದ ಪೈಪಿಗೆ ಮತ್ತೆ ಹಸಿ ಸಿಮೆಂಟು ಮೆತ್ತಿಸಿದ್ದಾನೆ ಮಹಾತ್ಮ. ಇಷ್ಟು ಮಳೆಯಲ್ಲಿ, ಒಳಗೆ ಮನುಷ್ಯರಿದ್ದಾರೆ ಅಂತ ಗೊತ್ತಿದ್ದೂ. ಅಪ್ಪ ಹಿಂದುಗಡೆ ಹೋಗಿದ್ದಾನೆ ದಾರ ಹಿಡಿದುಕೊಂಡು. ನಾನು ಬರುವವರೆಗೆ ಮುಟ್ಟಬೇಡ ಅಂದಿದ್ದೇನೆ. ಕೇಳುವವನಲ್ಲ.

ಚಿಕ್ಕಮಾದಮ್ಮ ಈಗ ಬಂದು ಪಕ್ಕದ ಮೆಟ್ಟಿಲಲ್ಲಿ ಕೂತರು. ಇದ ಬುಟ್ಟು ಎಲ್ಲಿಗೋಗ್ಲಿ, ಅದನ್ನೇಳಿ ಮೊದ್ಲು ಅಂದರು, ದನಿ ಸ್ವಲ್ಪ ಇಳಿದಿತ್ತು. ನನ್ನ ಮನೆಗೆ ಬನ್ನಿ ಅಂದೆ. ಎರಡು ಕೋಣೆ ಇದೆ, ಒಂದು ನಿಮಗೆ. ನಿಮ್ ಓನರಮ್ಮ ಒಪ್ತಾರಾ ಅಂದರು. ಯಾವ ಜನ ಅಂತ ಕೇಳುತ್ತಾಳೆ. ಕೇಳಲಿ. ಇಬ್ಬರೂ ಒಟ್ಟಿಗೆ ಹೇಳೋಣ ಅಂದೆ. ಮೊದಲ ಸಲ ನಕ್ಕರು. ಸಾಮಾನು ಯೋಚನೆ ಅವರಿಗೆ. ಮಧ್ಯಾಹ್ನ ಆಟೋ ತರಿಸಿ ಕಟ್ಟೋಣ, ಪಾತ್ರೆ ಮೊದಲು, ಹಾಸಿಗೆ ಆಮೇಲೆ ಅಂತ ಲೆಕ್ಕ ಹಾಕುತ್ತಾ ಒಳಗೆ ಹೊರಟರು. ತುಳಸಿ ಕೈಗೆತ್ತಿಕೊಂಡಿದ್ದಾರೆ, ಹೊಸ್ತಿಲ ಮೇಲೆ

ಅಪ್ಪನ ದನಿ. ಮೂವತ್ತಮೂರು ವರ್ಷ ಆದಮೇಲೆ. ನನ್ನ ಹೆಸರು ಕೂಗುತ್ತಿಲ್ಲ. ಬರಿಗೈ, ಬರಿ